ಲೋಕ ಕಾಯ್ದ ಲ್ಯಾಪ್‌ಟಾಪು

1996ರಲ್ಲಿ ತೆರೆಕಂಡ 'ಇಂಡಿಪೆಂಡೆನ್ಸ್ ಡೇ' ಚಿತ್ರದಲ್ಲಿ ಮನುಕುಲವನ್ನು ಉಳಿಸಿದ ಕೀರ್ತಿಯನ್ನು ಅಮೆರಿಕದ ಅಧ್ಯಕ್ಷರಿಗೋ ವಾಯುಪಡೆಗೋ ಕಟ್ಟುವವರು ಆ್ಯಪಲ್ ಕಂಪನಿಯ ಪವರ್‌ಬುಕ್ 5300ಕ್ಕೆ ಘೋರ ಅನ್ಯಾಯ ಮಾಡುತ್ತಾರೆ. 550 ಕಿಲೋಮೀಟರಿಗೂ ಹೆಚ್ಚು ಅಗಲದ, ಭೂಮಿಯ ಮೇಲೆ ದಾಳಿಯಿಟ್ಟ ಅನ್ಯಗ್ರಹದವರ ಮಾತೃನೌಕೆಯೊಳಗೆ ನುಸುಳಿ ನಟ ಜೆಫ್ ಗೋಲ್ಡ್‌ಬ್ಲಮ್ ಈ ಲ್ಯಾಪ್‌ಟಾಪಿನಿಂದ ವೈರಸ್ ಕಳುಹಿಸಿದಾಗ, ಅನ್ಯಗ್ರಹದ ಗಣಕವು ಪಾಸ್‌ವರ್ಡ್ ಕೇಳದೆ, ಹೊಸ ಯಂತ್ರವನ್ನು ಪರಿಚಯಿಸುವ ಡ್ರೈವರ್ ತಂತ್ರಾಂಶವನ್ನೂ ಬೇಡದೆ, ಬೀಗರನ್ನು ಬರಮಾಡಿಕೊಂಡಂತೆ ಅದನ್ನು ಒಳಗೆ ಕರೆದುಕೊಳ್ಳುತ್ತದೆ. ಅದೇ ವರ್ಷ ಭೂಮಿಯಲ್ಲಿ, ಇದೇ ಆ್ಯಪಲ್‌ನ ಮ್ಯಾಕ್ ಗಣಕದಲ್ಲಿ ಫಾರ್ಮ್ಯಾಟ್ ಮಾಡಿದ ಫ್ಲಾಪಿಯನ್ನು ಪಕ್ಕದ ಮೇಜಿನ ವಿಂಡೋಸ್ ಯಂತ್ರವು ಪ್ರತ್ಯೇಕ ತಂತ್ರಾಂಶವಿಲ್ಲದೆ ಮುಟ್ಟಿಯೂ ನೋಡುತ್ತಿರಲಿಲ್ಲ.

ಈ ಲೋಕರಕ್ಷಕನ ಪೂರ್ವಾಶ್ರಮವೂ ಸ್ಮರಣೀಯವಾದದ್ದೇ. 1995ರಲ್ಲಿ ಮಾರುಕಟ್ಟೆಗೆ ಬಂದ ಹೊಸತರಲ್ಲೇ ಅದರ ಲಿಥಿಯಂ ಅಯಾನ್ ಬ್ಯಾಟರಿ ಹೊತ್ತಿಕೊಂಡಿದ್ದರಿಂದ, ಕಂಪನಿಯೇ ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡು, ಹೆಚ್ಚು ಹೊತ್ತು ಬಾಳದ, ಆದರೆ ಬೆಂಕಿಯ ಚಟವಿಲ್ಲದ ನಿಕಲ್ ಬ್ಯಾಟರಿಯನ್ನು ತೊಡಿಸಬೇಕಾಯಿತು. ಆದ್ದರಿಂದ ಮಾತೃನೌಕೆ ಸಿಡಿದದ್ದು ಅಣುಕ್ಷಿಪಣಿಯಿಂದ ಎಂದು ಷರಾ ಬರೆಯುವ ಮುನ್ನ ಬ್ಯಾಟರಿಯ ಪಾತ್ರವನ್ನೂ ತನಿಖೆಗೆ ಒಳಪಡಿಸಬೇಕಿತ್ತು. ಚಿತ್ರದ ದೃಶ್ಯಗಳನ್ನೇ ಜಾಹೀರಾತಿಗೆ ಬಳಸಿಕೊಂಡ ಕಂಪನಿಯು ಆ ಆರ್ಥಿಕ ವರ್ಷದಲ್ಲಿ ಅನುಭವಿಸಿದ ನಷ್ಟ 81.6 ಕೋಟಿ ಡಾಲರ್. ಭೂಮಂಡಲವನ್ನು ಕಾಯುವ ಕೆಲಸಕ್ಕೆ ಸಂಬಳವಿಲ್ಲವೆಂದು ತೋರುತ್ತದೆ.

1984ರ 'ಟರ್ಮಿನೇಟರ್' ಚಿತ್ರದಲ್ಲಂತೂ 2029ರಿಂದ ಬಂದ ಕೊಲೆಗಡುಕ ಯಂತ್ರದ ಕಣ್ಣಿನೊಳಗೆ ಹರಿದಾಡುವ ಸಾಲುಗಳು, ಆ್ಯಪಲ್ 2 ಗಣಕದ ಬಳಕೆದಾರರ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ, 6502 ಎಂಬ ಸಂಸ್ಕಾರಕ ಚಿಪ್ಪಿನ ಕೋಡು. ಆ ಚಿಪ್ಪು 1975ರಲ್ಲಿ 25 ಡಾಲರಿಗೆ ಬಿಕರಿಯಾಗುತ್ತಿತ್ತು. ಮನುಷ್ಯಕುಲದ ಸಂಹಾರಕ್ಕೆ ಮಂಜೂರಾದ ಅನುದಾನ ಅಷ್ಟೇ ಇದ್ದಿರಬೇಕು.

ಹೀಗೆ ಕ್ಯಾಮೆರಾದ ಮುಂದೆ ನಿಂತ ಯಂತ್ರಗಳಿಗೆ ಅವತಾರಪುರುಷರ ಪದವಿ ಲಭಿಸಿದರೆ, ಕ್ಯಾಮೆರಾದ ಹಿಂದೆ ನಿಜವಾಗಿಯೂ ಬೆವರಿಳಿಸಿದ ಯಂತ್ರದ ಮುಖವನ್ನು ಪ್ರೇಕ್ಷಕರು ಕಾಣಲೇ ಇಲ್ಲ. 'ಬ್ಯಾಬಿಲಾನ್ 5' ಧಾರಾವಾಹಿಯ 1993ರ ಆರಂಭಿಕ ಚಿತ್ರಕ್ಕೆ ಅಂತರಿಕ್ಷ ನಿಲ್ದಾಣವನ್ನೂ ನೌಕೆಗಳನ್ನೂ ಕಟ್ಟಿಕೊಟ್ಟದ್ದು, ಮನೆಯ ಮೇಜಿನ ಮೇಲೆ ಇಡಬಹುದಾದ ಕಮಡೋರ್ ಕಂಪನಿಯ ಅಮಿಗಾ ಕಂಪ್ಯೂಟರುಗಳು. ಅವುಗಳ ಹೊಟ್ಟೆಯೊಳಗೆ ವಿಡಿಯೋ ಟೋಸ್ಟರ್ ಎಂಬ ವಿಡಿಯೋ ಸಂಸ್ಕರಣೆಯ ಕಾರ್ಡು, ಅದರೊಡನೆ ಮೂರು ಆಯಾಮದ ಚಿತ್ರ ರಚಿಸುವ ಲೈಟ್‌ವೇವ್ ತಂತ್ರಾಂಶ, ಇಷ್ಟೇ ಬಂಡವಾಳ. ಅವು ಯಾವ ಗ್ರಹವನ್ನೂ ರಕ್ಷಿಸಲಿಲ್ಲ, ಒಂದೊಂದು ಫ್ರೇಮನ್ನೂ ನಿಮಿಷಗಟ್ಟಲೆ ತೇಯುತ್ತಾ ಕುಳಿತವು. ಇಂತಹ ದುಡಿಮೆಯನ್ನು ಯಾವ ನಿರ್ದೇಶಕ ತಾನೇ ಕ್ಲೈಮ್ಯಾಕ್ಸಿನಲ್ಲಿ ತೋರಿಸಿಯಾನು? ಮೊದಲ ಸೀಸನ್ನಿನ ಕಥೆ ನಡೆಯುವುದು 2258ನೆಯ ಇಸವಿಯಲ್ಲಿ. ಅದು ಇನ್ನೂ ಪ್ರಸಾರವಾಗುತ್ತಿದ್ದಾಗಲೇ, 1994ರ ಏಪ್ರಿಲ್ ಕೊನೆಯಲ್ಲಿ, ಕಮಡೋರ್ ದಿವಾಳಿ ಅರ್ಜಿ ಹಾಕಿತು. ಅದನ್ನು ಉಳಿಸಲು ಯಾರೂ ಲ್ಯಾಪ್‌ಟಾಪು ಹಿಡಿದು ಓಡಿಬರಲಿಲ್ಲ.