ಬಾವಿ ನೀರಲ್ಲಿ ಇ. ಕೋಲಿ: ಫಾರ್ವರ್ಡ್ ಹೇಳುವುದೇನು, ನಿಜ ಏನು?

ಮಳೆಗಾಲ ಶುರುವಾದರೆ ಕಾರವಾರ, ಶಿರಸಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಇಂಥದ್ದೊಂದು ಮೆಸೇಜ್ ಸುತ್ತುತ್ತದೆ: "ಇ. ಕೋಲಿ ವಿಷದ ಕ್ರಿಮಿ. ಬಾವಿಗೆ ಪಟಿಕ ಹಾಕಿ, ನೀರು ತಿಳಿಯಾದರೆ ಕ್ರಿಮಿ ಸತ್ತಂತೆ." ಎರಡೂ ಸರಿಯಲ್ಲ.

ಇ. ಕೋಲಿ ಒಂದು ಬ್ಯಾಕ್ಟೀರಿಯಾ, ಈಗಲೂ ನಿಮ್ಮ ಕರುಳಲ್ಲಿದೆ. ಹಸು, ನಾಯಿಯ ಕರುಳಲ್ಲೂ ಇದೆ. 1885ರಲ್ಲಿ ಮಕ್ಕಳ ವೈದ್ಯ ಥಿಯೋಡರ್ ಎಶೆರಿಚ್ ಇದನ್ನು ಮೊದಲು ವಿವರಿಸಿದ್ದೂ ಶಿಶುಗಳ ಮಲದಲ್ಲಿ ಕಂಡೇ. ಹೆಚ್ಚಿನ ತಳಿಗಳು ಸುಮ್ನೆ ಇರುತ್ತವೆ, ವಿಟಮಿನ್ ಕೆ ಕೂಡ ತಯಾರಿಸುತ್ತವೆ. ಒ157ನಂಥ ಕೆಲವು ಮಾತ್ರ ರಕ್ತಭೇದಿ ತರುತ್ತವೆ.

ಹಾಗಾದರೆ ನೀರಲ್ಲಿ ಅದನ್ನು ಹುಡುಕುವುದೇಕೆ? ಅದು ಸಿಕ್ಕಿತೆಂದರೆ ನೀರಿಗೆ ಮಲ ಸೇರಿದೆ ಎಂದರ್ಥ. ಅದರ ಜೊತೆ ಟೈಫಾಯ್ಡ್, ಕಾಮಾಲೆಯ ರೋಗಾಣುಗಳೂ ಬಂದಿರಬಹುದು. ಅದಕ್ಕೇ ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿ.ಲೀ.ನಲ್ಲಿ ಒಂದೂ ಸಿಗಬಾರದು.

ನಮ್ಮ ಕರಾವಳಿಯ ಚಿರೆಕಲ್ಲಿನ ನೆಲ ತೂತುತೂತು. ಶೌಚಗುಂಡಿಯ ನೀರು ಮಳೆಯಲ್ಲಿ ಬಾವಿಗೆ ಜಿನುಗುವುದು ಸುಲಭ. ಮಲ ಕೊಟ್ಟಿಗೆಯದೋ, ಶೌಚಗುಂಡಿಯದೋ? ಬರೀ ಇ. ಕೋಲಿ ಅದನ್ನು ಹೇಳುವುದಿಲ್ಲ. ಅದಕ್ಕೆ ಕರುಳಲ್ಲೇ ಇರುವ ಬ್ಯಾಕ್ಟೀರಾಯ್ಡಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಗುಂಪಿದೆ. ಮನುಷ್ಯರಲ್ಲಿರುವುದೂ ದನಗಳಲ್ಲಿರುವುದೂ ಬೇರೆ ಬೇರೆ. ಡಿಎನ್‌ಎ ಪರೀಕ್ಷೆಯಲ್ಲಿ ಈ ಗುರುತು ಹಿಡಿಯುತ್ತಾರೆ.

ಪಟಿಕ ಕೆಸರನ್ನು ತಳಕ್ಕಿಳಿಸುತ್ತದೆ, ಅಷ್ಟೇ. ಅದರ ಜೊತೆ ಒಂದಿಷ್ಟು ಬ್ಯಾಕ್ಟೀರಿಯಾ ಇಳಿದರೂ ನಂಬಿ ಕುಡಿಯುವ ಹಾಗಿಲ್ಲ. ಕುಡಿಯುವ ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿ. ಬಾವಿಗೆ ಬ್ಲೀಚಿಂಗ್ ಪುಡಿ ಬೇಕು, ಎಷ್ಟು ಅಂತ ಆರೋಗ್ಯ ಸಿಬ್ಬಂದಿಯನ್ನೇ ಕೇಳಿ.