ಬೆನ್ನಿನ ಮೇಲಿನ ಪದ್ಯಗಳು

ಕನ್ನಡದಲ್ಲಿ ಕ್ರಿಯಾಪದಕ್ಕೆ ಎಂಥ ಬರ ಬಂದಿದೆ ಅನ್ನೋದು ವ್ಯಾಕರಣದ ಮೇಷ್ಟ್ರಿಗೆ ಗೊತ್ತಿರಲಾರದು. ಪುಸ್ತಕದ ಕಪಾಟು ಒರೆಸುವವರಿಗೆ ಚೆನ್ನಾಗಿ ಗೊತ್ತು. ನಿಮ್ಮ ಮನೆಯ ಪುಸ್ತಕಗಳ ಬೆನ್ನನ್ನು ಒಂದು ಸಲ ಸಾಲಾಗಿ ಓದಿ ನೋಡಿ. ಬರೀ ನಾಮಪದ. ಪರ್ವ, ಸಾಕ್ಷಿ, ತಂತು, ಸಾರ್ಥ, ಮಂದ್ರ, ಆವರಣ, ಕವಲು, ಯಾನ. ಭೈರಪ್ಪನವರ ಕಾದಂಬರಿಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗಿರುತ್ತದೆ. ಎಲ್ಲರೂ ಬಂದಿದ್ದಾರೆ, ಯಾರೂ ಏನೂ ಮಾಡುತ್ತಿಲ್ಲ.

ಮಾಡದಿದ್ದರೆ ನನಗೇನು, ಅಲ್ವಾ? ಆದರೆ ನಾನು ಪುಸ್ತಕದ ಹೆಸರುಗಳಿಂದಲೇ ಪದ್ಯ ಕಟ್ಟಲು ಹೊರಟಿದ್ದೆ. ಆಟ ಬಹಳ ಸುಲಭ. ಪುಸ್ತಕಗಳನ್ನು ಒಂದರ ಮೇಲೊಂದು ಮಲಗಿಸಬೇಕು. ಬೆನ್ನಿನ ಮೇಲಿನ ಹೆಸರುಗಳನ್ನು ಮೇಲಿಂದ ಕೆಳಕ್ಕೆ ಓದಿದರೆ ಪದ್ಯ ಆಗಬೇಕು. ಒಂದಕ್ಷರ ಸೇರಿಸುವಂತಿಲ್ಲ, ಕಳೆಯುವಂತಿಲ್ಲ. ಅಮೆರಿಕದ ಕಲಾವಿದೆ ನೀನಾ ಕಚಡೂರಿಯನ್ 1993ರಲ್ಲಿ ಇಂಥದ್ದೊಂದನ್ನು ಶುರು ಮಾಡಿದರು. ಬೇರೆ ಬೇರೆ ಮನೆಗಳ, ಲೈಬ್ರರಿಗಳ ಪುಸ್ತಕಗಳನ್ನು ಹೀಗೆ ಜೋಡಿಸಿ ಫೋಟೋ ತೆಗೆದರು. ಅದನ್ನು ಗ್ಯಾಲರಿಗಳಲ್ಲಿ ತೂಗುಹಾಕಿದರು. ಗ್ಯಾಲರಿಗೆ ಬಂದವರು ಅದನ್ನು ಕಲೆ ಅಂತ ನೋಡುತ್ತಾರೆ. ಸರಸ್ವತೀಪುರಂನ ನಮ್ಮ ಮನೆಗೆ ಬಂದವರು ಸಮಾಚಾರ ಅಂತ ನೋಡುತ್ತಾರೆ. ಮುಂದಿನ ಎಲ್ಲ ಅನಾಹುತಕ್ಕೂ ಮೂಲ ಇಷ್ಟೇ.

ಅನಾಹುತಕ್ಕೆ ಮೊದಲು ಸಣ್ಣಪುಟ್ಟ ಕಷ್ಟಗಳು. ಪದ್ಯ ಕಟ್ಟುವ ಆಟಕ್ಕೆ ಪದ್ಯದ ಪುಸ್ತಕಗಳೇ ಬರುವುದಿಲ್ಲ. ಕವನ ಸಂಕಲನಗಳು ಸಾಮಾನ್ಯವಾಗಿ ತೆಳ್ಳಗೆ. ನಡುವೆ ಎರಡು ಪಿನ್ನು ಹೊಡೆದಿರುತ್ತಾರೆ. ಬೆನ್ನೇ ಇಲ್ಲದ ಮೇಲೆ ಹೆಸರು ಎಲ್ಲಿ ಬರೆಯುತ್ತಾರೆ? ನಮ್ಮ ಮನೆಯ ‘ಮೈಸೂರು ಮಲ್ಲಿಗೆ’ಗೂ ಅದೇ ಗತಿ. ಕವಿ ನಮ್ಮತ್ತೆಯ ಕಡೆಯವರು, ಅಂದರೆ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರು. 1942ರಲ್ಲಿ ಬಂದ ಈ ಪುಸ್ತಕದ ಹಾಡು ಬಾಯಿಗೆ ಬಾರದ ಮೈಸೂರಿನವರು ಕಡಿಮೆ. ನನ್ನ ಆಟದಲ್ಲಿ ಮಾತ್ರ ಜಾಗವಿಲ್ಲ.

ಇನ್ನು ನಮ್ಮಪ್ಪನ ಕಾಲದ ಪುಸ್ತಕಗಳು. ಅಗ್ರಹಾರದಲ್ಲಿ ಬೈಂಡ್ ಮಾಡಿಸಿದ್ದು. ಆ ಬೈಂಡರ್ ಪುಣ್ಯಾತ್ಮ ಅಕ್ಷರಕ್ಕೆ ಇಷ್ಟು ಅಂತ ಲೆಕ್ಕ ಹಾಕುತ್ತಿದ್ದನೇನೋ, ಅಪ್ಪ ಇನ್ನೂ ಲೆಕ್ಕ ಹಾಕಿದರೇನೋ, ‘ಕಾನೂರು ಹೆಗ್ಗಡಿತಿ’ ಬೆನ್ನ ಮೇಲೆ ಬರೀ ‘ಕಾ. ಹೆ.’ ಅಂತಿದೆ. ‘ಮಲೆಗಳಲ್ಲಿ ಮದುಮಗಳು’ ಅಷ್ಟು ದಪ್ಪ ಇದ್ದೂ ‘ಮ. ಮ.’ ಆಗಿದೆ. ಜೊತೆಗೆ ಕೆಲವು ಪುಸ್ತಕದ ಹೆಸರು ಮೇಲಿಂದ ಕೆಳಕ್ಕೆ, ಕೆಲವದು ಕೆಳಗಿಂದ ಮೇಲಕ್ಕೆ. ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಎರಡು ದಿನ ನಾನು ಎಡಗಡೆಗೇ ನೋಡುತ್ತಿದ್ದೆ. ಬಲಗಡೆ ಇರುವ ನಮ್ಮನೆಯವರು ಕೋಪ ಅಂದುಕೊಂಡರು.

ಹೆಸರಿಡುವುದರಲ್ಲಿ ಕಾರಂತರು, ಕುವೆಂಪು ಪರವಾಗಿಲ್ಲ. ಹೆಸರನ್ನು ಅರ್ಧಕ್ಕೆ ಬಿಡುತ್ತಾರೆ. ‘ಅಳಿದ ಮೇಲೆ’. ಅಳಿದ ಮೇಲೆ ಏನಾಯಿತು? ‘ನೆನಪಿನ ದೋಣಿಯಲ್ಲಿ’. ದೋಣಿಯಲ್ಲಿ ಯಾರಿದ್ದರು? ಇಂಥದ್ದು ಕೈಗೆ ಸಿಕ್ಕರೆ ಮುಂದಿನ ಸಾಲು ತಾನಾಗಿ ಬರುತ್ತದೆ. ಆದರೆ ಈ ಆಟದ ನಿಜವಾದ ಅನ್ನಪೂರ್ಣೆ ಅಂದರೆ ತ್ರಿವೇಣಿ. ನಮ್ಮ ಚಾಮರಾಜಪುರಂನವರು. 1963ರಲ್ಲಿ ತೀರಿಕೊಂಡಾಗ ಮೂವತ್ತೈದು ತುಂಬಿರಲಿಲ್ಲ. ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿ ಬರೆದರು. ‘ಹಣ್ಣೆಲೆ ಚಿಗುರಿದಾಗ’, ‘ಬಾನು ಬೆಳಗಿತು’, ‘ಸೋತು ಗೆದ್ದವಳು’, ‘ದೂರದ ಬೆಟ್ಟ’. ಎಲ್ಲಿ ಇಟ್ಟರೂ ಹೊಂದಿಕೊಳ್ಳುತ್ತವೆ. ಒಳ್ಳೆ ಮನೆತನದ ಹೆಸರುಗಳು.

ನನ್ನ ಮೊದಲ ಪದ್ಯ ಇದು:

ತೆರೆದ ಬಾಗಿಲು
ಬೆಕ್ಕಿನ ಕಣ್ಣು
ಅವಸ್ಥೆ

ಒಂದು ಕೆ.ಎಸ್.ನ., ಒಂದು ತ್ರಿವೇಣಿ, ಒಂದು ಅನಂತಮೂರ್ತಿ. ಮೂರೇ ಸಾಲು. ಒಳಗೆ ಎಷ್ಟೊಂದು ಭಯ, ಎಷ್ಟೊಂದು ಒಂಟಿತನ ಅಂತ ನಾನು ಹಿಂದೆ ಸರಿದು ನೋಡುತ್ತಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಗಟ್ಟಿಯಾಗಿ ಓದಿದರು. ಓದಿದವರೇ ಅಡುಗೆಮನೆಗೆ ಓಡಿದರು. ಹಾಲಿನ ಪಾತ್ರೆ ಕೆಳಗೆ ಬಿದ್ದಿತ್ತು. ಬೆಕ್ಕು ಕಿಟಕಿಯಲ್ಲಿ ಕೂತು ಮೀಸೆ ಒರೆಸಿಕೊಳ್ಳುತ್ತಿತ್ತು.

“ಅಲ್ಲ ಕಣವ್ವ, ಇಷ್ಟು ಚೆಂದಾಗಿ ಜೋಡಿಸಿಟ್ಟಿದೀಯ. ಎದ್ದು ಹೋಗಿ ಬಾಗ್ಲು ಹಾಕಕ್ಕಾಗ್ಲಿಲ್ವಾ?” ಅಂದರು.

ಅವತ್ತಿನಿಂದ ಅತ್ತೆ ನನ್ನ ಪದ್ಯಗಳನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಇಷ್ಟು ನಿಷ್ಠೆಯ ಓದುಗರು ಯಾವ ಕವಿಗೂ ಸಿಕ್ಕಿರಲಾರರು. ಬಿ.ಜಿ.ಎಲ್. ಸ್ವಾಮಿಯವರ ಪುಸ್ತಕವೊಂದಿದೆ, ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ನಾವು ದಿನಾ ತಿನ್ನುವ ಆಲೂಗಡ್ಡೆ, ಮೆಣಸಿನಕಾಯಿ ಎಲ್ಲಿಂದ ಬಂದವು ಅನ್ನುವ ಕಥೆ. ಅದರ ಕೆಳಗೆ ‘ಎಂದೆಂದೂ ಮುಗಿಯದ ಕತೆ’ ಇಟ್ಟೆ ಅಷ್ಟೆ. ಸಂಜೆ ನನ್ನ ಮುಂದೆ ಒಂದು ಲೋಟ ಓಮದ ಕಷಾಯ ಬಂತು. ಪೂರ್ತಿ ಕುಡಿಯುವವರೆಗೂ ಅತ್ತೆ ಪಕ್ಕದಲ್ಲೇ ನಿಂತಿದ್ದರು.

ಅವರಿಗೂ ಕೆಲವು ನಿಯಮಗಳಿವೆ. ‘ಶ್ರೀ ರಾಮಾಯಣ ದರ್ಶನಂ’ ಯಾವ ಪುಸ್ತಕದ ಕೆಳಗೂ ಇರಬಾರದು. ನನಗೆ ಅದು ಕೆಳಗೇ ಬೇಕು. ಒಂದು, ಅದು ಭಾರ, ತಳದಲ್ಲಿದ್ದರೆ ಪದ್ಯ ಅಲ್ಲಾಡುವುದಿಲ್ಲ. ಎರಡು, ನನ್ನ ಪದ್ಯ ಶುರುವಾಗುವುದು ‘ಕಿರಗೂರಿನ ಗಯ್ಯಾಳಿಗಳು’ ಅಂತ. ಗಯ್ಯಾಳಿಗಳು ಜಗಳ ಆಡಿ, ‘ಮುಗಿದ ಯುದ್ಧ’ ಆಗಿ, ಕೊನೆಗೆ ರಾಮಾಯಣಕ್ಕೆ ಬರಬೇಕು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಇಡೀ ರಾಶಿಯನ್ನು ತಲೆಕೆಳಗು ಮಾಡಿ, ರಾಮಾಯಣವನ್ನು ಕಣ್ಣಿಗೊತ್ತಿಕೊಂಡು, ಎಲ್ಲಕ್ಕಿಂತ ಮೇಲೆ ಇಟ್ಟಿರುತ್ತಾರೆ. ಆಗ ಅದು ರಾಮಾಯಣದಿಂದ ಶುರುವಾಗಿ ಗಯ್ಯಾಳಿಗಳಲ್ಲಿ ಮುಗಿಯುತ್ತದೆ. ನಿಜ ಹೇಳಬೇಕೆಂದರೆ ನಮ್ಮ ಬೀದಿಯ ಮಟ್ಟಿಗೆ ಅವರ ಪಾಠವೇ ಸರಿ.

ಬೀದಿ ಅಂದ ಮೇಲೆ ನವರಾತ್ರಿಯ ವಿಷಯಕ್ಕೆ ಬರಲೇಬೇಕು.

ಹಬ್ಬಕ್ಕೆ ಮುಂಚೆ ನಾನೊಂದು ಪದ್ಯ ಕಟ್ಟಿದ್ದೆ. ವಿಷಯ, ಹಳ್ಳಿಯ ಕೂಡು ಕುಟುಂಬಗಳು ಒಡೆದದ್ದು:

ಅವಳ ಮನೆ
ಗೃಹಭಂಗ
ದೂರ ಸರಿದರು
ಒಂಟಿ ದನಿ

ಫೋಟೋ ತೆಗೆಯೋಣ ಅಂತ ಟೀಪಾಯಿ ಮೇಲೆ ಬಿಟ್ಟಿದ್ದೆ. ಮೂಲಾ ನಕ್ಷತ್ರದ ದಿನ ಸರಸ್ವತಿ ಪೂಜೆ. ಪುಸ್ತಕ ಇಡಬೇಕಲ್ಲ? ಅತ್ತೆ ಕೈಗೆ ಸಿಕ್ಕಿದ್ದು ಇದೇ ರಾಶಿ. ಹಾಗೇ ಎತ್ತಿ ಗೊಂಬೆ ಮೆಟ್ಟಿಲ ಪಕ್ಕ ಸರಸ್ವತಿಯ ಫೋಟೋ ಮುಂದೆ ಇಟ್ಟು, ಅರಿಶಿನ ಕುಂಕುಮ ಹಾಕಿ, ಹೂವು ಏರಿಸಿಬಿಟ್ಟರು. ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ. ನಾನು ಎಷ್ಟು ಗೋಗರೆದರೂ ಅತ್ತೆ ಜಪ್ಪಯ್ಯ ಅನ್ನಲಿಲ್ಲ. “ಸರಸ್ವತಿ ಮುಂದೆ ಇಟ್ಟಿದ್ದನ್ನ ಅಲುಗಿಸ್ತಾರಾ?” ಅಂದರು.

ಅದೇ ಸಮಯಕ್ಕೆ ನಮ್ಮನೆಯವರು ಗದ್ದೆ ಕೆಲಸ ಅಂತ ಊರಿಗೆ ಹೋಗಿದ್ದರು.

ಮೈಸೂರಿನಲ್ಲಿ ಗೊಂಬೆ ನೋಡಲು ಬಂದವರು ಪಟ್ಟದ ಗೊಂಬೆಯಿಂದ ಹಿಡಿದು ಕೆಳಗಿನ ಮೆಟ್ಟಿಲ ಸೆಟ್ಟಿ ಅಂಗಡಿಯವರೆಗೆ ಒಂದನ್ನೂ ಬಿಡದೆ ನೋಡುತ್ತಾರೆ. ಆಮೇಲೆ ಕಣ್ಣು ಪಕ್ಕಕ್ಕೆ ಹೋಗುತ್ತದೆ. ಮಕ್ಕಳು ಚರ್ಪು ಇಸ್ಕೊಂಡು ಓಡಿದವು, ಅವಕ್ಕೆ ಸಾಹಿತ್ಯ ಬೇಡ. ಹೆಂಗಸರು ಮಾತ್ರ ನಿಧಾನವಾಗಿ ಓದಿದರು. ಅವಳ ಮನೆ. ಗೃಹಭಂಗ. ದೂರ ಸರಿದರು. ಒಂಟಿ ದನಿ. ಆಮೇಲೆ ನನ್ನ ಮುಖ ನೋಡಿದರು.

“ಯಜಮಾನರು ಕಾಣಿಸ್ತಿಲ್ಲ?”

“ಊರಿಗೆ ಹೋಗಿದ್ದಾರೆ.”

“ಯಾವಾಗ ಬರ್ತಾರೆ?”

“ಗೊತ್ತಿಲ್ಲ ಕಣ್ರೀ, ಹೇಳಿಲ್ಲ.”

ಇದು ನಿಜವೇ. ಬಾವಿ ಮೋಟಾರು ರಿಪೇರಿಯಾದ ಮೇಲೆ ಬರುತ್ತೇನೆ ಅಂದಿದ್ದರು. ಮೋಟಾರು ಯಾವಾಗ ರಿಪೇರಿಯಾಗುತ್ತೆ ಅಂತ ಯಾರಿಗೆ ಗೊತ್ತು? ಹಿಂದಿನ ರಸ್ತೆಯವರೊಬ್ಬರು ತಾಂಬೂಲ ತಗೊಂಡು ನನ್ನ ಕೈ ಹಿಡಿದುಕೊಂಡರು. “ಧೈರ್ಯವಾಗಿರಿ. ನಮ್ಮ ಅಳಿಯನ ತಮ್ಮ ಲಾಯರ್ರು. ಫೀಸು ಜಾಸ್ತಿ ತಗೊಳಲ್ಲ” ಅಂದರು. ಪೂಜೆಗೆ ಇಟ್ಟ ಪುಸ್ತಕ ನೋಡಿ ಮನೆ ಮುರಿದಿದೆ ಅಂತ ತೀರ್ಮಾನ ಮಾಡುವುದು ನಮ್ಮ ಬೀದಿಯಲ್ಲಿ ಮಾತ್ರ ಸಾಧ್ಯ ಅಂದುಕೊಂಡೆ.

ನಮ್ಮನೆಯವರು ಆಯುಧಪೂಜೆಯ ಹಿಂದಿನ ಸಂಜೆ ಬಂದರು. ಬಸ್ಸಿಳಿದು ಬೀದಿಯ ಆ ತುದಿಯಿಂದ ಈ ತುದಿಗೆ ಬರಲು ಅರ್ಧ ಗಂಟೆ ಹಿಡಿಯಿತು. ಮೂಲೆ ಮನೆಯವರು ಕಾಫಿ ಕುಡಿಸಿ, “ಹೊಂದ್ಕೊಂಡು ಹೋಗ್ಬೇಕು ಸಾರ್, ಈ ವಯಸ್ಸಲ್ಲಿ ಇದೆಲ್ಲ ಯಾಕೆ” ಅಂದರಂತೆ. ಇವರು ಮೋಟಾರಿನ ವಿಷಯ ಅಂದುಕೊಂಡು, “ಏನ್ ಮಾಡೋದು ಸಾರ್, ಹಳೇದಾಯ್ತು, ಸುಮ್ನೆ ಹೊಸದು ತಂದುಬಿಟ್ಟೆ” ಅಂದಿದ್ದಾರೆ.

ಅಲ್ಲಿಂದಾಚೆ ಮೂಲೆ ಮನೆಯವರು ನಮ್ಮ ಜೊತೆ ಮಾತು ಬಿಟ್ಟಿದ್ದಾರೆ.

ಮನೆಗೆ ಬಂದವರಿಂದ ತೊಂದರೆ ಅಂತ ಮುಂದಿನ ಪದ್ಯವನ್ನು ವಾಟ್ಸಾಪಿನಲ್ಲಿ ಹಾಕಿದೆ. ತೌರುಮನೆಯ ಗ್ರೂಪು. ಬರೀ ಫೋಟೋ, ವಿವರಣೆ ಇಲ್ಲ. ಪದ್ಯಕ್ಕೆ ವಿವರಣೆ ಕೊಡಬಾರದು ಅಂತ ಎಲ್ಲೋ ಓದಿದ್ದೆ.

ಅಳಿದ ಮೇಲೆ
ಅಣ್ಣನ ನೆನಪು
ಮರಳಿ ಮಣ್ಣಿಗೆ

ಹಿಂದೆ ಮುಂದೆ ಕಾರಂತರು, ನಡುವೆ ತೇಜಸ್ವಿ. ಅಣ್ಣ ಅಂದರೆ ಕುವೆಂಪು, ತೇಜಸ್ವಿ ತಂದೆಯನ್ನು ಹಾಗೇ ಕರೆಯುತ್ತಿದ್ದರು. ನನ್ನ ಕಪಾಟಿನಲ್ಲಿ ಇದಕ್ಕಿಂತ ಒಳ್ಳೆಯ ಪದ್ಯ ಆಗಿರಲಿಲ್ಲ. ಈಗಲೂ ಹಾಗೇ ಹೇಳುತ್ತೇನೆ. ಆದರೆ ಗ್ರೂಪಿನವರಿಗೆ ಅಣ್ಣ ಅಂದರೆ ಮಂಡ್ಯದಲ್ಲಿರುವ ನಮ್ಮಣ್ಣ. ಮಂಡ್ಯದ ಕಡೆ ಮಣ್ಣು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಮೊದಲು ಒಂದು ಕೈಮುಗಿದ ಚಿತ್ರ ಬಂತು. ಹಿಂದೆಯೇ ಓಂ ಶಾಂತಿಗಳ ಸಾಲು. ದೊಡ್ಡಮ್ಮನ ಮಗ, “ಯಾವಾಗಾಯ್ತು? ನಿನ್ನೆ ಚೆನ್ನಾಗೇ ಮಾತಾಡಿದ್ನಲ್ಲ” ಅಂತ ಹಾಕಿದ. ಯಾರೋ “ಮಣ್ಣು ಎಷ್ಟೊತ್ತಿಗೆ?” ಅಂತ ಕೇಳಿದರು. ಇನ್ಯಾರೋ “ಮಕ್ಕಳು ಬೆಂಗಳೂರಿಂದ ಬರ್ಬೇಕು, ಸಂಜೆ ಆಗ್ಬೋದು” ಅಂತ ಅವರೇ ಉತ್ತರ ಕೊಟ್ಟರು. ನಾನು ಫೋನನ್ನು ಚಾರ್ಜಿಗೆ ಹಾಕಿ ಹಪ್ಪಳ ಒಣಗಿಸಲು ಮಹಡಿಗೆ ಹೋಗಿದ್ದೆ.

ನಮ್ಮಣ್ಣ ಆ ಹೊತ್ತಿಗೆ ಮದ್ದೂರಿನಲ್ಲಿ ವಡೆ ತಿನ್ನುತ್ತಿದ್ದ. ಚಿಕ್ಕಪ್ಪನ ಫೋನು ಬಂತಂತೆ. ಇವನು ಹಲೋ ಅಂದ ತಕ್ಷಣ ಆ ಕಡೆ ಅಳು. “ಯಾರಪ್ಪಾ ಮಾತಾಡ್ತಿರೋದು, ಮಗನಾ?” ಅಂದರಂತೆ. “ನಾನೇ ಚಿಕ್ಕಪ್ಪ” ಅಂದಿದ್ದಾನೆ. “ನಾನೇ ಅಂದ್ರೆ?” “ನಾನೇ ಅಂದ್ರೆ ನಾನೇ!” ಚಿಕ್ಕಪ್ಪ ಫೋನ್ ಇಟ್ಟುಬಿಟ್ಟರು. ನಾಗಮಂಗಲದ ಚಿಕ್ಕಮ್ಮ ಅಷ್ಟರಲ್ಲಿ ಹಾರ ತಗೊಂಡು ಬಸ್ ಹತ್ತಿ ಆಗಿತ್ತು. ಮಂಡ್ಯದಲ್ಲಿ ಇಳಿದು ಮನೆಗೆ ಹೋದರೆ, ಹೋದವನೇ ಬಂದು ಬಾಗಿಲು ತೆಗೆದ. ಹಾರಕ್ಕೆ ದುಡ್ಡು ಕೊಟ್ಟಾಗಿದೆ, ಬಿಸಾಡಕ್ಕಾಗುತ್ತಾ ಅಂತ ದೇವರ ಫೋಟೋಗೆ ಹಾಕಿದರು. ಬಂದದ್ದಕ್ಕೆ ಊಟ ಮಾಡಿಕೊಂಡೇ ಹೋದರು.

ರಾತ್ರಿ ಅಣ್ಣ ಫೋನ್ ಮಾಡಿದ. “ಲೇ, ನಾನು ಬದುಕಿದೀನಿ ಅಂತ ಎಷ್ಟು ಜನಕ್ಕೆ ಹೇಳ್ಲಿ? ನೀನೇ ಗ್ರೂಪಲ್ಲಿ ಇನ್ನೊಂದು ಪದ್ಯ ಹಾಕು” ಅಂದ. ಹಾಕಬಹುದಿತ್ತು. ‘ಪುನರ್ಜನ್ಮ’ ಅಂತ ಗೊರೂರರ ಕಾದಂಬರಿ ಇದೆ. ಆದರೆ ಅದು ನಮ್ಮ ಮನೆಯಲ್ಲಿಲ್ಲ.

ಇಷ್ಟೆಲ್ಲ ಆದ ಮೇಲೆ ನಮ್ಮನೆಯವರೂ ಕಣಕ್ಕೆ ಇಳಿದರು. ಒಂದು ಬೆಳಿಗ್ಗೆ ನೋಡಿದರೆ ಕಪಾಟಿಗೆ ಕೈಲಾಸಂ ನಾಟಕ ಒರಗಿಸಿಟ್ಟಿದ್ದಾರೆ. ‘ತಾಳಿ ಕಟ್ಟೋಕ್ಕೂಲಿನೇ’. ಬೆನ್ನಿಲ್ಲದ ಪುಸ್ತಕ ಇಡುವ ಹಾಗಿಲ್ಲ ಅಂದರೆ, “ಮುಖ ಇದೆಯಲ್ಲ” ಅಂದರು. ನಾನೂ ಸುಮ್ಮನಿರಲಿಲ್ಲ. ಅದರ ಪಕ್ಕಕ್ಕೆ ‘ಬಂಡ್ವಾಳ್ವಿಲ್ಲದ ಬಡಾಯಿ’ ಒರಗಿಸಿದೆ. ಅತ್ತೆ ಎರಡನ್ನೂ ಓದಿ, ಅವತ್ತು ಮಗನಿಗೆ ಒಂದು ಸೌಟು ಸಾರು ಜಾಸ್ತಿ ಬಡಿಸಿದರು.

ಈಗ ಉಳಿದಿರುವುದು ನನ್ನ ನಾಲ್ಕು ಸಾಲಿನ ಪದ್ಯದ ವ್ಯಾಜ್ಯ. ಅದರಲ್ಲಿ ಮೂರು ಕ್ರಿಯಾಪದ ಇತ್ತು. ನಮ್ಮ ಕಪಾಟಿನ ಮಟ್ಟಿಗೆ ಅದು ಐಶ್ವರ್ಯ.

ಹಳ್ಳ ಬಂತು ಹಳ್ಳ
ದಾಟು
ದೂರದ ಬೆಟ್ಟ
ಬಾನು ಬೆಳಗಿತು

ಇದನ್ನು ನೋಡಿ ಯಾರೂ ಅಳಲಿಲ್ಲ, ಯಾರೂ ಕಷಾಯ ಕಾಸಲಿಲ್ಲ. ಸದ್ಯ ಅಂದುಕೊಂಡೆ. ಅಷ್ಟರಲ್ಲಿ ಕುವೆಂಪುನಗರದಿಂದ ನಮ್ಮನೆಯವರ ಹಳೆಯ ಸಹೋದ್ಯೋಗಿ ಬಂದರು. ಗೃಹಭಂಗದ ಸುದ್ದಿ ಅಲ್ಲಿಯವರೆಗೆ ಹೋಗಿತ್ತು. ಗಂಡ ಹೆಂಡತಿಗೆ ರಾಜಿ ಮಾಡಿಸಲು ಹಣ್ಣು ಹಿಡಿದು ಬಂದವರು. ಕಾಫಿ ಕುಡಿಯುತ್ತಾ ಕಪಾಟು ನೋಡಿದರು. ಲೋಟ ಕೆಳಗಿಟ್ಟರು.

“ಅಮ್ಮಾ, ಇದು ನನ್ನ ದಾಟು.”

ತೆಗೆದು ನೋಡಿದರೆ ಮೊದಲ ಪುಟದಲ್ಲಿ ಅವರ ಸಹಿ, ದಿನಾಂಕ, ಕೆಳಗೆ “ದಯವಿಟ್ಟು ಓದಿ ಹಿಂತಿರುಗಿಸಿ”. ಮಂಡ್ಯದಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡುವಾಗ ನಮ್ಮನೆಯವರು ಇಸ್ಕೊಂಡಿದ್ದಂತೆ. ಆಗಿನಿಂದ ಹುಡುಕುತ್ತಿದ್ದರಂತೆ. ರಾಜಿ ಮರೆತುಹೋಯಿತು. ಬಾಳೆಹಣ್ಣಿನ ಚಿಪ್ಪು ಟೀಪಾಯಿ ಮೇಲಿಟ್ಟು, ಪುಸ್ತಕ ಕಂಕುಳಿಗೆ ಸೇರಿಸಿಕೊಂಡು ಹೊರಟೇಬಿಟ್ಟರು. ನನ್ನ ಪದ್ಯದಲ್ಲಿ ಈಗ ಹಳ್ಳ ಬಂದಿದೆ, ಬೆಟ್ಟ ದೂರದಲ್ಲಿದೆ, ದಾಟುವವರಿಲ್ಲ.

ಹೋದ ವಾರ ಅವರದೇ ಫೋನು. ಅವರ ಮನೆಯಲ್ಲೂ ಈ ಆಟ ಶುರುವಾಗಿದೆಯಂತೆ. “ಅಮ್ಮಾ, ನಿಮ್ಮ ಹಳ್ಳ ಬಂತು ಹಳ್ಳ ಒಂದು ನಾಲ್ಕು ದಿನಕ್ಕೆ ಕೊಡ್ತೀರಾ?” ಅಂದರು.

“ಮೊದಲು ದಾಟು ಕಳಿಸಿ” ಅಂದೆ.

“ದಾಟು ನಿಮಗೆ ಕಳಿಸಿಬಿಟ್ಟರೆ ಹಳ್ಳ ಇಟ್ಕೊಂಡು ನಾನೇನಮ್ಮಾ ಮಾಡ್ಲಿ?”

“ಈಜಿ” ಅಂದೆ.