ಫ್ಲಟ್ಟರ್ ಗೊತ್ತು, ಡಾರ್ಟ್ ಗೊತ್ತಿಲ್ಲ

ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರನ್ನು ಫೈನಲ್ ಇಯರ್ ಪ್ರಾಜೆಕ್ಟ್ ಬಗ್ಗೆ ಕೇಳಿ ನೋಡಿ. ಮೊಬೈಲ್ ಆ್ಯಪ್ ಆಗಿದ್ದರೆ "ಫ್ಲಟ್ಟರ್ ರೀ ಸರ್" ಅನ್ನುವವರು ಜಾಸ್ತಿ. ಫ್ಲಟ್ಟರ್ ಅಂದರೆ ಆ್ಯಪ್ ಕಟ್ಟಲು ಗೂಗಲ್ ಕೊಟ್ಟ ಫ್ರೇಮ್‌ವರ್ಕ್, ಅಂದರೆ ಸಿದ್ಧ ಚೌಕಟ್ಟು. ಅದರಲ್ಲಿ ಕೋಡ್ ಬರೆಯುವ ಭಾಷೆ ಡಾರ್ಟ್. ಅದು ಹೇಗನ್ನಿಸಿತು ಅಂದರೆ ಸುಮ್ಮನಾಗುತ್ತಾರೆ. "ಅದು ಫ್ಲಟ್ಟರ್ ಒಳಗ ಬರ್ತದಲ್ರೀ?" ಅಂತ ಟಿಳಕವಾಡಿಯ ಹುಡುಗನೊಬ್ಬ ನನ್ನನ್ನೇ ಕೇಳಿದ. ಅವನ ತಪ್ಪೇನಿಲ್ಲ. ಆ ಭಾಷೆಯ ಕಥೆಯೇ ಹಾಗಿದೆ.

2011ರಲ್ಲಿ ಗೂಗಲ್ ಡಾರ್ಟ್ ತಂದಾಗ ಆಸೆ ಬೇರೆ ಇತ್ತು. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಜಾಗ ಹಿಡಿಯಬೇಕು ಅಂತ. ಆಗಲಿಲ್ಲ. ಕ್ರೋಮ್ ಒಳಗೆ ಡಾರ್ಟ್ ಸೇರಿಸುವ ಯೋಜನೆಯನ್ನು 2015ರಲ್ಲಿ ಕೈಬಿಟ್ಟರು. ಭಾಷೆಗೆ ಮತ್ತೆ ಜೀವ ಬಂದದ್ದು ಫ್ಲಟ್ಟರ್‌ನಿಂದ. ಮನೆ ನಡೆಸುವವರ ಮಾತೇ ಮನೆಯಲ್ಲಿ ನಡೆಯೋದು ಅಲ್ವಾ? ಹಾಗೇ ಡಾರ್ಟ್ ಕೂಡ ಫ್ಲಟ್ಟರ್‌ಗೆ ಒಗ್ಗುವಂತೆ ಬದಲಾಯಿತು. ಫ್ಲಟ್ಟರ್‌ನಲ್ಲಿ ಬಟನ್, ಪಠ್ಯದಂಥ ಸ್ಕ್ರೀನಿನ ತುಣುಕಿಗೆ ವಿಜೆಟ್ ಅಂತಾರೆ. ಸ್ಕ್ರೀನ್ ಅಂದರೆ ವಿಜೆಟ್ ಒಳಗೆ ವಿಜೆಟ್, ಅದರೊಳಗೆ ಇನ್ನೊಂದು. ಪ್ರತಿಯೊಂದರ ಮುಂದೆ 'ನ್ಯೂ' ಬರೆಯಬೇಕಿತ್ತು. 2018ರ ಡಾರ್ಟ್ 2ರಲ್ಲಿ ಆ ಕಡ್ಡಾಯ ಹೋಯಿತು. ಮರುವರ್ಷ 2.3ರಲ್ಲಿ ಲಿಸ್ಟ್ ಒಳಗೇ 'ಇಫ್', 'ಫಾರ್' ಬರೆಯಲು ಬಂತು. ಲಾಗಿನ್ ಆಗಿದ್ದರೆ ಮಾತ್ರ ಈ ಬಟನ್ ತೋರಿಸು ಅನ್ನೋದನ್ನು ವಿಜೆಟ್‌ಗಳ ಪಟ್ಟಿಯಲ್ಲೇ ಒಂದು ಸಾಲಿನಲ್ಲಿ ಹೇಳಬಹುದು. ಬಹಳ ಚೆನ್ನಾಗಿದೆ, ದಿನಾ ಬಳಸುತ್ತೇನೆ. ಆದರೆ ಹೆಚ್ಚು ಉಪಯೋಗ ಯಾರಿಗೆ? ಸ್ಕ್ರೀನ್ ಕಟ್ಟುವವರಿಗೆ. ಸರ್ವರ್ ಬರೆಯುವವರು ಡಾರ್ಟ್‌ಗೆ ಅಷ್ಟಾಗಿ ಬರಲೇ ಇಲ್ಲ, ಹಾಗಾಗಿ ಅವರ ಬೇಡಿಕೆಗೆ ದನಿಯೂ ಕಡಿಮೆ.

ರೂಬಿ ಎಂಬ ಇನ್ನೊಂದು ಭಾಷೆಯದೂ ಇದೇ ಹಾದಿ. 1995ರಲ್ಲಿ ಯುಕಿಹಿರೊ ಮಾತ್ಸುಮೊಟೊ ಬಿಡುಗಡೆ ಮಾಡಿದ ಭಾಷೆಗೆ ಜಪಾನಿನ ಹೊರಗೆ ದೊಡ್ಡ ಹೆಸರು ತಂದದ್ದು 2004ರ ರೇಲ್ಸ್ ಎಂಬ ವೆಬ್ ಫ್ರೇಮ್‌ವರ್ಕ್. ಜನ ಬಂದರು, ಕೆಲಸಗಳು ಬಂದವು, ಜೊತೆಗೆ 'ರೂಬಿ ಅಂದರೆ ವೆಬ್‌ಸೈಟ್' ಎಂಬ ಹಣೆಪಟ್ಟಿಯೂ ಬಂತು. '2.ಡೇಸ್.ಅಗೋ' ಅಂತ ಬರೆದರೆ ಎರಡು ದಿನದ ಹಿಂದಿನ ಸಮಯ ಸಿಗುತ್ತದೆ. ಇದು ರೂಬಿಯದೇ ಅಂದುಕೊಂಡವರು ಎಷ್ಟೋ ಜನ. ಬರೀ ರೂಬಿಯಲ್ಲಿ ಹಾಕಿ, ಎರರ್ ಬರುತ್ತದೆ. ಅದು ರೇಲ್ಸ್ ಸೇರಿಸಿದ್ದು.

ಎಲಿಕ್ಸಿರ್ ಎಂಬ ಮತ್ತೊಂದು ಭಾಷೆ ಕಟ್ಟಿದ ಜೋಸೆ ವಾಲಿಮ್ ರೇಲ್ಸ್ ಕೋರ್ ತಂಡದಲ್ಲೇ ಇದ್ದವರು. ಅಲ್ಲೂ ಫೀನಿಕ್ಸ್ ಎಂಬ ವೆಬ್ ಫ್ರೇಮ್‌ವರ್ಕ್ ಜನರನ್ನು ಕರೆತಂದಿತು. ಆದರೆ ಭಾಷೆಯನ್ನು ಅವರು ಚಿಕ್ಕದಾಗಿಯೇ ಇಟ್ಟರು. 2019ರಲ್ಲಿ ಎಲಿಕ್ಸಿರ್ 1.9 ಬಂದಾಗ, ಯೋಜನೆಯಲ್ಲಿದ್ದ ಕೊನೆಯ ಫೀಚರ್ ಇದರಲ್ಲಿದೆ ಅಂತ ಹೇಳಿದರು. ಚಿಕ್ಕ ಸಾಧನಗಳಿಗೆ ನರ್ವ್ಸ್, ಮಷಿನ್ ಲರ್ನಿಂಗ್‌ಗೆ ಎನ್‌ಎಕ್ಸ್, ಎರಡೂ ಲೈಬ್ರರಿಗಳಾಗಿಯೇ, ಅಂದರೆ ಭಾಷೆಯನ್ನು ಮುಟ್ಟದೆ ಹೊರಗಿನಿಂದ ಸೇರಿಸುವ ಕೋಡ್ ಆಗಿಯೇ, ಬೆಳೆದವು. ನನಗೆ ಈ ದಾರಿಯೇ ಸರಿ ಅನಿಸುತ್ತದೆ. ಮೊದಲ ದೊಡ್ಡ ಫ್ರೇಮ್‌ವರ್ಕ್‌ನವರು ಏನಾದರೂ ಕೇಳಿದಾಗ, ಇದು ಲೈಬ್ರರಿಯಲ್ಲೇ ಆಗಲ್ವಾ ಅಂತ ಭಾಷೆ ಕಟ್ಟುವವರು ಕೇಳಲೇಬೇಕು.

ನಮ್ಮ ಹುಡುಗರಿಗೆ ನಾನು ಫ್ಲಟ್ಟರ್ ಬಿಡಿ ಅನ್ನುವುದಿಲ್ಲ. ಕೆಲಸ ಸಿಗೋದು ಅದರಿಂದಲೇ. ಆದರೆ ಸ್ವಲ್ಪ ದಿನ ಬರೀ ಡಾರ್ಟ್ ಬರೆಯಿರಿ. ಬೆಳಗಾವಿ–ಧಾರವಾಡ ಬಸ್ಸಿನ ಟೈಮಿಂಗ್ ಇರುವ ಫೈಲ್ ಓದಿ, ಮುಂದಿನ ಬಸ್ ಯಾವುದು ಅಂತ ಟರ್ಮಿನಲ್‌ನಲ್ಲಿ ತೋರಿಸಿ. ಒಂದೂ ವಿಜೆಟ್ ಬೇಡ. ಎಲ್ಲಿ ಭಾಷೆ ಕೈಕೊಟ್ಟಿತೋ ಅದನ್ನು ಡಾರ್ಟ್‌ನ ಕೋಡ್ ಇರುವ ಗಿಟ್‌ಹಬ್ ತಾಣದಲ್ಲಿ 'ಇಶ್ಯೂ' ಅಂತ, ಅಂದರೆ ದೂರು ಅಥವಾ ಬೇಡಿಕೆಯಾಗಿ, ಹಾಕಿ. ಸ್ಕ್ರೀನ್ ಕಟ್ಟುವವರ ಬೇಡಿಕೆಗಳ ನಡುವೆ ನಿಮ್ಮದೂ ಒಂದು ಇರಲಿ.